ಬಿಸಿ ತಟ್ಟುವ ತನಕ

ಏಪ್ರಿಲ್ ೧೨

ಅಳುಮುಂಜಿಗೆ,

ಎಲ್ಲರೂ ಕಾಗದವನ್ನು ಕ್ಷೇಮದಿಂದ ಶುರು ಮಾಡುತ್ತಾರೆ. ನನಗೆ ಸುಳ್ಳಿನಿಂದ ಶುರು ಮಾಡುವ ಮನಸ್ಸಿಲ್ಲ. ನಿನ್ನ ಮೇಲೆ ಕೋಪ ಇದೆ, ಅಲ್ಲಿಂದಲೇ ಶುರು ಮಾಡುತ್ತೇನೆ.

ಅಮ್ಮ ಹೋಗಿ ತಿಂಗಳಾಯಿತು. ನೀನು ಬಂದೆ, ಎರಡು ದಿನ ಇದ್ದೆ, ಹೋದೆ. ಬಂದವರಿಗೆಲ್ಲ ಚಹಾ ಕೊಟ್ಟೆ. ಬಾಡಿಗೆ ಕುರ್ಚಿಗಳನ್ನು ಒರೆಸಿ ಜೋಡಿಸಿದೆ. ಅಮ್ಮನ ಔಷಧಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಸಣ್ಣವಳಿದ್ದಾಗ ಪೆನ್ಸಿಲ್ಲಿನ ಮೊನೆ ಮುರಿದರೂ ಭೂಮಿ ಆಕಾಶ ಒಂದು ಮಾಡುತ್ತಿದ್ದವಳು ನೀನು. ಆ ಹೆಸರು ನಿನಗೆ ಸುಮ್ಮನೆ ಬಂದದ್ದಲ್ಲ.

ಹೊರಡುವಾಗ ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು ಏನು ಹೇಳಿದೆ ನೆನಪಿದೆಯಾ? "ಅಕ್ಕಾ, ಕೋಶಗಳಿಗೆ ಊಟ ಹಾಕ್ಬೇಕು, ಬರ್ತೀನಿ." ನೀನು ಬೀದಿ ತಿರುಗಿದ ಮೇಲೆ ದೊಡ್ಡಮ್ಮ ನನ್ನ ಕಿವಿಯಲ್ಲಿ ಕೇಳಿದರು, "ಏನೇ ಅದು, ಬೆಕ್ಕು ಸಾಕಿದಾಳಾ?" ನನಗೆ ನಗು ಬಂತು. ಅಮ್ಮ ಸತ್ತ ಮನೆಯಲ್ಲಿ ನಕ್ಕೆನಲ್ಲ ಅಂತ ಆಮೇಲೆ ನನ್ನ ಮೇಲೇ ಸಿಟ್ಟು ಬಂತು. ಅದೂ ನಿನ್ನ ಲೆಕ್ಕಕ್ಕೇ.

ಕಾಯಿಲೆಯ ವಿಷಯ ನಿನ್ನಿಂದ ಮುಚ್ಚಿಟ್ಟೆವು, ಅದು ನಿಜ. ಅಮ್ಮನೇ ಬೇಡ ಅಂದಳು. "ಅವಳದು ಹೂವಿನಂಥ ಮನಸ್ಸು, ಓದ್ತಾ ಇದಾಳೆ, ಅವಳಿಗೆ ಬಿಸಿ ತಟ್ಟೋದು ಬೇಡ" ಅಂತ. ಹಾಗಾಗಿ ಚಳಿಗಾಲ ಪೂರ್ತಿ ನಿನಗೆ "ಸ್ವಲ್ಪ ಸುಸ್ತು" ಎಂದೇ ಹೇಳುತ್ತ ಬಂದೆವು. ಕೊನೆಯ ವಾರ ಹೇಳಿದೆವು. ಆದರೆ ತಿಳಿದ ಮೇಲಾದರೂ ಒಂದು ಸಲ ಅಳಬೇಕಿತ್ತಲ್ಲ ಮಾರಾಯ್ತಿ, ನನ್ನ ಜೊತೆಗಾದರೂ.

ಫೋನಿನಲ್ಲಿ ನಿನ್ನ "ಹ್ಞೂ" ಕೇಳಿ ಕೇಳಿ ಸಾಕಾಗಿದೆ. ಕಾಗದ ಬರೆ. ಕಾಗದದಲ್ಲಿ "ಹ್ಞೂ" ಅಂತ ಬರೆಯಲು ನಿನಗೇ ನಾಚಿಕೆಯಾಗುತ್ತದೆ.

ಕೋಪ ಇಳಿಯದ,
ನಿನ್ನ ಅಕ್ಕ


ಮೇ ೩

ಅಕ್ಕಾ,

ಅಳುವನ್ನು ತಡೆದುಕೊಂಡದ್ದಲ್ಲ. ಬರಲಿಲ್ಲ. ಎರಡೂ ಬೇರೆ ಬೇರೆ. ಬಸ್ಸಿನಲ್ಲಿ ಬರುತ್ತದೇನೋ ಅಂದುಕೊಂಡೆ, ರೂಮಿಗೆ ಬಂದು ಬಾಗಿಲು ಹಾಕಿದ ಮೇಲೆ ಬರುತ್ತದೇನೋ ಅಂದುಕೊಂಡೆ. ಬಟ್ಟೆ ಒಗೆದೆ, ಮಲಗಿದೆ, ನಿದ್ದೆ ಬಂತು. ಈಗಲೂ ಹಾಗೆಯೇ. ಊಟ ಮಾಡುತ್ತೇನೆ, ರುಚಿ ಗೊತ್ತಾಗುತ್ತದೆ. ಯಾರಾದರೂ ತಮಾಷೆ ಮಾಡಿದರೆ ನಗಬೇಕಾದ ಜಾಗದಲ್ಲಿ ನಗುತ್ತೇನೆ. ಒಳಗೆ ಮಾತ್ರ ಯಾರೂ ಇಲ್ಲದ ಮನೆಯಲ್ಲಿ ಫ್ಯಾನು ತಿರುಗುತ್ತಿರುವ ಹಾಗಿದೆ.

ಬೆಕ್ಕಲ್ಲ ಅಂತ ದೊಡ್ಡಮ್ಮನಿಗೆ ಹೇಳು. ನಾನು ಸಾಕಿರುವುದು ಮನುಷ್ಯರ ಜೀವಕೋಶಗಳನ್ನು, ಅಂಗೈಯಗಲದ ತಟ್ಟೆಗಳಲ್ಲಿ. ನೀನು ಯಾವತ್ತೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಈಗ ಬರೆಯಲು ಬೇರೇನೂ ಇಲ್ಲ, ಇದನ್ನೇ ಬರೆಯುತ್ತೇನೆ.

ಉಸಿರಾಡುವ ಪ್ರತಿಯೊಂದು ಕೋಶದೊಳಗೂ ಒಂದು ಸಣ್ಣ ಒಲೆ ಉರಿಯುತ್ತಿರುತ್ತದೆ. ಒಲೆ ಅಂದ ಮೇಲೆ ಕಿಡಿ ಹಾರಲೇಬೇಕು. ಆ ಕಿಡಿಗಳಲ್ಲಿ ಒಂದು, ನೀನು ನಿನ್ನ ಪಾರ್ಲರಿನಲ್ಲಿ ಕೂದಲ ಬಣ್ಣಕ್ಕೆ ಕಲಸುವ ಪೆರಾಕ್ಸೈಡೇ. ನಿನ್ನ ಬಾಟಲಿಯಲ್ಲಿರುವುದೂ ನನ್ನ ಬಾಟಲಿಯಲ್ಲಿರುವುದೂ ಒಂದೇ, ನನ್ನದು ಬಹಳ ತೆಳು. ಕಿಡಿ ಹಿಡಿತದಲ್ಲಿದ್ದರೆ ಸರಿ. ಹೆಚ್ಚಾದರೆ ಕೋಶ ಒಳಗಿನಿಂದ ಸುಡತೊಡಗುತ್ತದೆ. ಅದಕ್ಕೆ ಪುಸ್ತಕದಲ್ಲಿ ಉತ್ಕರ್ಷಣ ಒತ್ತಡ ಎಂದು ಹೆಸರು.

ಕೋಶಕ್ಕೆ ಅದು ಗೊತ್ತಾಗುವುದು ಹೇಗೆ ಎನ್ನುವುದೇ ನನ್ನ ಕೆಲಸ. ಒಳಗೆ ಒಬ್ಬ ಸುದ್ದಿಗಾರ ಇದ್ದಾನೆ. ಅವನ ಕುತ್ತಿಗೆ ಪಟ್ಟಿ ಹಿಡಿದು ಒಬ್ಬ ಕಾವಲುಗಾರ ನಿಂತಿದ್ದಾನೆ. ಇಬ್ಬರೂ ಪ್ರೋಟೀನುಗಳು, ತಿಳಿಯಲಿ ಅಂತ ಹೀಗೆ ಹೇಳುತ್ತಿದ್ದೇನೆ. ಕೋಶ ಸುದ್ದಿಗಾರನನ್ನು ಹುಟ್ಟಿಸುತ್ತಲೇ ಇರುತ್ತದೆ, ಕಾವಲುಗಾರ ಅವನನ್ನು ಹಿಡಿದು ಕೊಲ್ಲುವವರಿಗೆ ಒಪ್ಪಿಸುತ್ತಲೇ ಇರುತ್ತಾನೆ. ಕಾವಲುಗಾರನ ಬೆರಳ ತುದಿಯಲ್ಲಿ ಗಂಧಕ ಇದೆ. ಕೂದಲನ್ನು ಸುರುಳಿ ಮಾಡುವಾಗ ನಿನ್ನ ಪಾರ್ಲರಿನಲ್ಲಿ ಕೊಳೆತ ಮೊಟ್ಟೆ ವಾಸನೆ ಬರುತ್ತದಲ್ಲ, ಅದೇ ಗಂಧಕ. ಪೆರಾಕ್ಸೈಡ್ ಆ ಬೆರಳಿಗೆ ತಾಗಿದರೆ ಹಿಡಿತ ಕೆಡುತ್ತದೆ. ಆಗ ಹೊಸದಾಗಿ ಹುಟ್ಟಿದ ಸುದ್ದಿಗಾರ ಸಾಯುವುದಿಲ್ಲ. ನೇರವಾಗಿ ಕೋಶದ ನಡುಮನೆಗೆ ಓಡಿ, ಬೆಂಕಿ ಆರಿಸುವ ಸಾಮಾನುಗಳನ್ನೆಲ್ಲ ಹೊರಗೆ ತೆಗೆಸುತ್ತಾನೆ.

ಅವನು ನಡುಮನೆ ಮುಟ್ಟಿದರೆ ಕೋಶ ಹಸಿರಾಗಿ ಹೊಳೆಯುವ ಹಾಗೆ ಮಾಡಿಟ್ಟಿದ್ದೇವೆ. ಚಳಿಗಾಲದಲ್ಲಿ ಚೆನ್ನಾಗಿಯೇ ಹೊಳೆಯುತ್ತಿತ್ತು. ಈಗ ಹೊಳೆಯುತ್ತಿಲ್ಲ. ಪೆರಾಕ್ಸೈಡ್ ಹಾಕುತ್ತೇನೆ, ಕೋಶಗಳು ಏನೂ ಆಗದವರ ಹಾಗೆ ಕೂತಿರುತ್ತವೆ. ನಾನು ಅಲ್ಲಿಂದ ಬಂದಾಗ ಅವು ಹಸಿದು ಮುದುಡಿಹೋಗಿದ್ದವು. ಪಾಪ ಅನ್ನಿಸಿ ಊಟಕ್ಕೆ ಪೈರುವೇಟ್ ಎಂಬ ಪೋಷಕವನ್ನು ಸೇರಿಸಿದೆ, ಜ್ವರದಿಂದ ಎದ್ದವರಿಗೆ ಗ್ಲೂಕೋಸ್ ನೀರು ಕೊಟ್ಟ ಹಾಗೆ. ಚೇತರಿಸಿಕೊಂಡವು. ಆದರೂ ಹೊಳೆಯುತ್ತಿಲ್ಲ.

ನೀನು ಕೇಳಿದ್ದಕ್ಕೆ ಇದು ಉತ್ತರವಲ್ಲ ಅಂತ ನನಗೆ ಗೊತ್ತು.

ನಿನ್ನ ತಂಗಿ


ಮೇ ೨೬

ಅಳುಮುಂಜಿಗೆ,

ನಿನ್ನ ಕಾಗದವನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ದಿನವಿಡೀ ಹುಟ್ಟಿಸಿ ದಿನವಿಡೀ ಸಾಯಿಸೋದಾ? ಎಂಥಾ ದುಂದುಗಾರರ ಮನೆ ಅದು!" ನನಗೂ ಹಾಗೇ ಅನ್ನಿಸಿತು. ಬೇಕಾದಾಗ ಹುಟ್ಟಿಸಿದರೆ ಸಾಲದಾ?

ಕೋಪ ಅರ್ಧ ಇಳಿದಿದೆ. ಉಳಿದರ್ಧವನ್ನು ಇಟ್ಟುಕೊಂಡಿದ್ದೇನೆ, ಬೇಕಾಗುತ್ತದೆ.

ಪಾರ್ಲರ್ ನಡೆಯುತ್ತಿದೆ. ಪ್ರತಿ ತಿಂಗಳು ಬಣ್ಣ ಹಾಕಿಸಿಕೊಳ್ಳುತ್ತಿದ್ದ ಬ್ಯಾಂಕಿನ ಮೇಡಂ ಈಗ ಬೇರೆ ಕಡೆ ಹೋಗುತ್ತಾಳಂತೆ. ಹೋಗಲಿ. ಇವಳಿಲ್ಲದಿದ್ದರೆ ಇನ್ನೊಬ್ಬಳು. ಕೊನೆಯ ಕುರ್ಚಿಯಲ್ಲಿ ಯಾರನ್ನೂ ಕೂರಿಸುತ್ತಿಲ್ಲ, ಅಮ್ಮ ಮಧ್ಯಾಹ್ನ ಬಂದು ಪತ್ರಿಕೆ ಓದುತ್ತ ಕೂರುತ್ತಿದ್ದ ಕುರ್ಚಿ ಅದು. ಕೂರಿಸಬಾರದು ಅಂತೇನಿಲ್ಲ. ಜನ ಕಮ್ಮಿ, ಅಷ್ಟೇ.

ಅಮ್ಮನ ಲೋಟ ಒಡೆದುಹೋಯಿತು. ನೀಲಿ ಗೆರೆಯದು. ಕೈ ಜಾರಿತು. ಹೇಳದೆ ಇದ್ದರೆ ಮುಂದೆ ಬಂದಾಗ ಹುಡುಕುತ್ತೀಯ ಅಂತ ಹೇಳಿದೆ.

ನಿನ್ನ ಅಕ್ಕ


ಜುಲೈ ೯

ಅಕ್ಕಾ,

ಲೋಟ ಒಡೆದದ್ದು ಓದಿದೆ. ಬೇಸರ ಆಗಬೇಕಿತ್ತು. ಆಗುತ್ತದೇನೋ ಅಂತ ಸ್ವಲ್ಪ ಹೊತ್ತು ಕಾಗದ ಹಿಡಿದುಕೊಂಡು ಕೂತಿದ್ದೆ.

ಭಾವನ ಪ್ರಶ್ನೆ ಚೆನ್ನಾಗಿದೆ, ನಮ್ಮ ಲ್ಯಾಬಿನ ದೊಡ್ಡ ಮೇಡಂ ಮೊದಲ ದಿನ ಇದನ್ನೇ ನನಗೆ ಕೇಳಿದ್ದರು. ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಆಗುವುದಿಲ್ಲ, ಅದಕ್ಕೇ ಅಂತ ಭಾವನಿಗೆ ಹೇಳು. ಸುದ್ದಿಗಾರ ಯಾವಾಗಲೂ ಹುಟ್ಟುತ್ತಿದ್ದರೆ, ಕೈ ಬಿಟ್ಟ ಗಳಿಗೆಯಲ್ಲೇ ಓಡಲು ಒಬ್ಬನಿರುತ್ತಾನೆ. ಕೋಶಕ್ಕೆ ಅದು ದುಂದಲ್ಲ.

ನನ್ನ ಕೋಶಗಳು ಇನ್ನೂ ಹೊಳೆಯುತ್ತಿಲ್ಲ. ಹೊಸ ಬಾಟಲಿ ತರಿಸಿದೆ. ಅಳತೆ ಹೆಚ್ಚಿಸಿದೆ. ನನ್ನ ಪಕ್ಕದ ಮೇಜಿನ ಕನ್ನಡಕದವಳು ಅದೇ ಬಾಟಲಿಯಿಂದ ತೆಗೆದು ಅವಳ ತಟ್ಟೆಗೆ ಹಾಕಿದರೆ ಹಸಿರೇ ಹಸಿರು. ದೊಡ್ಡ ಮೇಡಂ ಬಂದು ನನ್ನ ತಟ್ಟೆಯನ್ನು ನೋಡಿ, "ಇವು ಕಲ್ಲಾಗಿವೆ ಕಣಮ್ಮ, ಎಸೆದು ಹೊಸದು ಶುರು ಮಾಡು" ಅಂದರು. ಎಸೆಯಲಿಲ್ಲ. ಯಾಕೆ ಅಂತ ಕೇಳಬೇಡ. ದಿನಾ ಬೆಳಿಗ್ಗೆ ಊಟ ಹಾಕುತ್ತೇನೆ, ಹಾಕಿದ್ದನ್ನು ತಿನ್ನುತ್ತವೆ. ನನ್ನ ಹಾಗೆಯೇ.

ನಿನ್ನ ಅಕ್ಷರಕ್ಕೆ ಏನಾಗಿದೆ? ಕಾಗೆ ಕಾಲು ಗುಬ್ಬಿ ಕಾಲು. ಶಾಲೆಯಲ್ಲಿ ಅಕ್ಷರಕ್ಕೆ ಬಹುಮಾನ ತಗೊಂಡವಳು ಅಂತ ಹೇಳಿಕೊಳ್ಳಬೇಡ.

ನಿನ್ನ ತಂಗಿ


ಜುಲೈ ೨೮

ಅಳುಮುಂಜಿಗೆ,

ಅಕ್ಷರ ನೋಡುವುದಕ್ಕೆ ಕಾಗದ ಬರೆಸಿಕೊಳ್ಳುತ್ತೀಯಾ? ಪಾರ್ಲರ್ ಕೆಲಸದ ನಡುವೆ ಮೊಣಕಾಲ ಮೇಲೆ ಇಟ್ಟುಕೊಂಡು ಬರೆದರೆ ಹೀಗೇ.

ಎಲ್ಲ ಮಾಮೂಲು. ಸ್ವಲ್ಪ ಸುಸ್ತು, ಅಷ್ಟೇ.

ಅಕ್ಕ


ಆಗಸ್ಟ್ ೧೯

ಅಕ್ಕಾ,

ಕೋಶಗಳದ್ದು ತಪ್ಪಲ್ಲ. ಗೊತ್ತಾಯಿತು.

ಕನ್ನಡಕದವಳು ರಜೆಗೆ ಹೋಗುವಾಗ ತನ್ನ ತಟ್ಟೆಗಳನ್ನು ನನಗೆ ಒಪ್ಪಿಸಿದಳು. ಅವಳ ಊಟದ ಬಾಟಲಿ ಖಾಲಿಯಾಗಿತ್ತು, ನನ್ನದನ್ನೇ ಹಾಕಿದೆ. ಅವಳು ವಾಪಸು ಬಂದು ಪೆರಾಕ್ಸೈಡ್ ಹಾಕಿದರೆ ಅವಳವೂ ಹೊಳೆಯಲಿಲ್ಲ. ನನ್ನನ್ನು ಹಿಡಿದುಕೊಂಡಳು. "ಏನ್ ಹಾಕಿದೀಯೇ ಇದಕ್ಕೆ?" ಅಂತ. ನಾನು ಹೇಳುತ್ತ ಹೋದೆ, ಪೈರುವೇಟ್ ಎನ್ನುವಷ್ಟರಲ್ಲಿ ಇಬ್ಬರೂ ಒಟ್ಟಿಗೇ ಹಣೆ ಚಚ್ಚಿಕೊಂಡೆವು. ಪೈರುವೇಟ್ ಪೆರಾಕ್ಸೈಡನ್ನು ನುಂಗಿಬಿಡುತ್ತದೆ. ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ನಾನು ಹಾಕುತ್ತಿದ್ದ ಪೆರಾಕ್ಸೈಡೆಲ್ಲ ಕೋಶಗಳನ್ನು ಮುಟ್ಟುವ ಮೊದಲೇ ಮೇಲಿನ ನೀರಿನಲ್ಲೇ ಮುಗಿದುಹೋಗುತ್ತಿತ್ತು. ಅವು ಕಲ್ಲಾಗಿರಲಿಲ್ಲ ಅಕ್ಕಾ. ಅವಕ್ಕೆ ಸುದ್ದಿಯೇ ಮುಟ್ಟಿರಲಿಲ್ಲ.

ಅದನ್ನು ಹಾಕಿದ್ದು ನಾನೇ, ಪ್ರೀತಿಯಿಂದ. ಅಮ್ಮನನ್ನು ಕಳಿಸಿ ಬಂದ ದಿನ.

ಪೈರುವೇಟ್ ಇಲ್ಲದ ಊಟ ಕೊಟ್ಟು, ಮೊದಲಿನ ತೆಳು ಅಳತೆಯನ್ನೇ ಹಾಕಿದೆ. ಹೊಳೆದವು. ಇನ್ನೊಂದು ಸಂಗತಿಯೂ ಇದೆ. ಹೀಗೆ ಸಣ್ಣ ಬಿಸಿ ತಿಂದ ಕೋಶಗಳಿಗೆ ಮಾರನೆಯ ದಿನ ದೊಡ್ಡ ಅಳತೆ ಹಾಕಿದರೆ ಹೆಚ್ಚಿನವು ಬದುಕಿಕೊಳ್ಳುತ್ತವೆ, ಸಾಮಾನುಗಳೆಲ್ಲ ಆಗಲೇ ಹೊರಗೆ ಬಂದಿರುತ್ತವೆ. ಬಿಸಿಯನ್ನೇ ಕಾಣದೆ ಹಾಯಾಗಿದ್ದವಕ್ಕೆ ಒಮ್ಮೆಗೇ ದೊಡ್ಡದನ್ನು ಹಾಕಿದರೆ ಹೊಳೆಯಲೂ ಪುರುಸೊತ್ತು ಸಿಗುವುದಿಲ್ಲ.

ಚಳಿಗಾಲ ಪೂರ್ತಿ "ಸ್ವಲ್ಪ ಸುಸ್ತು" ಅಂದಿರಿ. ಅಮ್ಮ ಮೆಟ್ಟಿಲು ಹತ್ತಲಾರದ ದಿನ ನನಗೆ ಗೊತ್ತಾಗಬೇಕಿತ್ತು. ಊಟ ಬಿಟ್ಟ ದಿನ ಗೊತ್ತಾಗಬೇಕಿತ್ತು. ಅವತ್ತವತ್ತಿನ ಅಳುವನ್ನು ಅವತ್ತವತ್ತೇ ಅಳುತ್ತಿದ್ದೆ, ಕೊನೆಗೆ ನಿನ್ನ ಜೊತೆಗೂ ಅಳುತ್ತಿದ್ದೆ. ಒಂದೇ ವಾರದಲ್ಲಿ ಎಲ್ಲವನ್ನೂ ತಂದು ಸುರಿದು, ಯಾಕೆ ಅಳಲಿಲ್ಲ ಅಂತ ನನ್ನನ್ನೇ ಕೇಳಿದೆ. ನನಗೆ ಸಿಟ್ಟು ಬರಬೇಕು ನಿನ್ನ ಮೇಲೆ. ಬರೆಯುತ್ತಿದ್ದರೆ ಬರುತ್ತದೇನೋ ಅಂತ ಬರೆದೆ.

ಹೋದ ಕಾಗದದಲ್ಲಿ ನಿನಗೂ "ಸ್ವಲ್ಪ ಸುಸ್ತು" ಅಂತ ಬರೆದಿದ್ದೀಯ. ಆ ಮಾತು ನನಗೆ ಬೇಡ. ಏನಿದೆಯೋ ಅದನ್ನು ಬರೆ, ಇಲ್ಲವಾದರೆ ಬರೆಯಬೇಡ.

ನಿನ್ನ ತಂಗಿ


ಅಕ್ಟೋಬರ್ ೨

ಅಳುಮುಂಜಿಗೆ,

ಬರೆಯಬೇಡ ಅಂದೆ, ಬರೆಯಲಿಲ್ಲ. ಸೆಪ್ಟೆಂಬರ್ ಪೂರ್ತಿ ನಿನ್ನನ್ನು ಬೈದುಕೊಂಡೇ ಕಳೆದೆ. ಹೊತ್ತು ಹೊತ್ತಿಗೆ ಅಮ್ಮನಿಗೆ ಔಷಧಿ ಕುಡಿಸಿದವಳು ನಾನು, ನಿನಗೆ ಫೋನು ಮಾಡಿ ದನಿ ನಡುಗದ ಹಾಗೆ ಮಾತಾಡಿದವಳೂ ನಾನು, ಕೊನೆಗೆ ತಟ್ಟೆಯೊಳಗಿನ ಹುಳುಗಳ ಲೆಕ್ಕದಲ್ಲಿ ನನಗೇ ಪಾಠ. ನಿನ್ನ ಭಾವ ಒಂದು ದಿನ ಕಾಗದವನ್ನು ಮತ್ತೆ ಓದಿ, "ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ?" ಅಂದರು. ಅವರ ಜೊತೆಗೂ ಎರಡು ದಿನ ಮಾತು ಬಿಟ್ಟೆ.

ಏನಿದೆಯೋ ಅದನ್ನೇ ಬರೆಯುತ್ತೇನೆ. ಸಕ್ಕರೆ ಬೆರೆಸುವುದಿಲ್ಲ.

ನನ್ನ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರಕ್ಕೂ ಸ್ಪರ್ಶ ಇಲ್ಲ. ಮೊದಲು ಜೋಮು ಹಿಡಿಯುತ್ತಿತ್ತು, ಕೈ ಕೊಡವಿದರೆ ಹೋಗುತ್ತಿತ್ತು. ಈಗ ಹೋಗುವುದಿಲ್ಲ. ಅಮ್ಮನ ಕಾಯಿಲೆಯ ಸಮಯದಲ್ಲೇ ಶುರುವಾಗಿತ್ತು. ಲೋಟ ಜಾರಿದ್ದು ಅದಕ್ಕೇ, ಕಾಗೆ ಕಾಲು ಗುಬ್ಬಿ ಕಾಲೂ ಅದಕ್ಕೇ.

ಬ್ಯಾಂಕಿನ ಮೇಡಂ ಸುಮ್ಮನೆ ಬೇರೆ ಕಡೆ ಹೋಗಲಿಲ್ಲ. ಬಣ್ಣ ತೊಳೆಯುವಾಗ ಎಂದಿನ ಹಾಗೆ ನೀರಿಗೆ ಬೆರಳು ಹಿಡಿದು ನೋಡಿದೆ. ಹದವಾಗಿದೆ ಅನ್ನಿಸಿತು. ಹೊಯ್ದೆ. ಅವಳು ಕಿರುಚಿದಳು. ಕಿವಿಯ ಹಿಂದೆ ಬೊಬ್ಬೆ ಎದ್ದಿತು. ನನ್ನ ಕೈ ಅದೇ ನೀರಿನ ಕೆಳಗಿತ್ತು, ನನಗೇನೂ ಗೊತ್ತಾಗಲಿಲ್ಲ. ಇಷ್ಟು ವರ್ಷದಲ್ಲಿ ಒಬ್ಬರ ತಲೆಯನ್ನೂ ಸುಟ್ಟವಳಲ್ಲ ನಾನು. ಆಮೇಲೂ ಎಡಗೈಯಲ್ಲಿ ಹೇಗೋ ತಳ್ಳಿದೆ. ಈಗ ಪಾರ್ಲರ್ ಮುಚ್ಚಿ ಮೂರು ವಾರ.

ಮಣಿಕಟ್ಟಿನಲ್ಲಿ ನರ ಸಿಕ್ಕಿಹಾಕಿಕೊಂಡು ಹಿಂಡಿಹೋಗಿದೆಯಂತೆ. ಕತ್ತರಿ ಹಿಡಿದವರಿಗೆ ಬರುವುದೇ ಇದು ಅಂತ ಡಾಕ್ಟರು ಅಂದರು. ಅಕ್ಟೋಬರ್ ಹದಿನೆಂಟಕ್ಕೆ ಅಲ್ಲಿ ಕೊಯ್ದು ಬಿಡಿಸುತ್ತಾರೆ. ಸ್ಪರ್ಶ ವಾಪಸು ಬರುತ್ತದಾ ಅಂತ ಕೇಳಿದೆ. "ತಡ ಮಾಡಿ ಬಂದಿದೀರಿ. ಬರಬಹುದು, ಬರದೇನೂ ಇರಬಹುದು, ಕಾದು ನೋಡಬೇಕು" ಅಂದರು. ಬರದಿದ್ದರೆ ಪಾರ್ಲರ್ ಇಲ್ಲ. ನನಗೆ ಬೇರೆ ಕೆಲಸ ಗೊತ್ತಿಲ್ಲ. ಹೆದರಿಕೆಯಾಗುತ್ತಿದೆ.

ಬಾ ಅಂತ ಕೇಳಲು ಬಾಯಿ ಬರುತ್ತಿಲ್ಲ. ಆದರೂ ಕೇಳುತ್ತಿದ್ದೇನೆ. ಬರ್ತೀಯಾ?

ಅಕ್ಕ


ಅಕ್ಟೋಬರ್ ೮

ಅಕ್ಕಾ,

ಬರುತ್ತೇನೆ. ಕೋಶಗಳನ್ನು ಹೆಪ್ಪುಗಟ್ಟಿಸಿ ಟ್ಯಾಂಕಿನಲ್ಲಿ ಇಡುತ್ತಿದ್ದೇನೆ. ಹಾಗಿಟ್ಟರೆ ಊಟ ಬೇಡ, ಎಷ್ಟು ದಿನ ಬೇಕಾದರೂ ಇರುತ್ತವೆ. ಇದು ಮಾರ್ಚಿನಲ್ಲೂ ನನಗೆ ಗೊತ್ತಿತ್ತು.

ಹದಿನೇಳರ ಬೆಳಿಗ್ಗೆ ಇಳಿಯುತ್ತೇನೆ. ಭಾವನನ್ನು ಬಸ್ ನಿಲ್ದಾಣಕ್ಕೆ ಕಳಿಸಬೇಡ, ದಾರಿ ಮರೆತಿಲ್ಲ.

ನಿನ್ನ ತಂಗಿ


ನವೆಂಬರ್ ೨೧

ಅಕ್ಕಾ,

ಸುಖವಾಗಿ ತಲುಪಿದೆ. ಕೋಶಗಳನ್ನು ಎಬ್ಬಿಸಿದೆ, ಹೆಚ್ಚಿನವು ಎದ್ದಿವೆ.

ಅಲ್ಲಿದ್ದಷ್ಟು ದಿನ ನಾವು ಮಾತಾಡಿದ್ದು ಬ್ಯಾಂಡೇಜು, ಮಾತ್ರೆ, ಭಾವ ಮಾಡಿದ ಉಪ್ಪಿಲ್ಲದ ಸಾರು, ಇಷ್ಟೇ. ಅಮ್ಮನ ಮಾತನ್ನು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವ ಹಿಂದಿನ ದಿನ ಪಾರ್ಲರಿನ ಬಾಗಿಲು ತೆಗೆಸಿ, "ನನ್ನ ತಲೆ ತೊಳಿ, ನಾತ ಹೊಡೀತಿದೆ" ಅಂದೆಯಲ್ಲ. ನೀನು ಹೋಗಿ ಕೂತದ್ದು ಕೊನೆಯ ಕುರ್ಚಿಯಲ್ಲಿ. ನಾನು ನೋಡಿದೆ, ನಲ್ಲಿ ತಿರುಗಿಸಿದೆ. ನೀರನ್ನು ನನ್ನ ಕೈಗೆ ಮತ್ತೆ ಮತ್ತೆ ಬಿಟ್ಟುಕೊಂಡು ನೋಡಿದೆ. ಅಷ್ಟು ಹೆದರಿಕೆಯಿಂದ ನಾನು ಯಾವ ಪ್ರಯೋಗವನ್ನೂ ಮಾಡಿಲ್ಲ. "ಹದ ಇದೆಯಾ?" ಅಂತ ಕೇಳಿದರೆ, "ಹದ ಇದೆ, ಕೂದಲು ಎಳೀಬೇಡ ಕತ್ತೆ" ಅಂದೆ.

ನಿನ್ನ ನೆತ್ತಿಯಲ್ಲಿ ಬಿಳಿ ಕೂದಲು ಬಂದಿದೆ. ಅಮ್ಮನಿಗೆ ಬಂದ ಜಾಗದಲ್ಲೇ. ಅದನ್ನು ನೋಡುವಾಗ ಅಳು ಬರುತ್ತದೇನೋ ಅನ್ನಿಸಿತು. ಅಷ್ಟೇ, ಅಲ್ಲಿಗೇ ನಿಂತಿತು.

ಬೆರಳಿಗೆ ಏನಾದರೂ ಗೊತ್ತಾಗುತ್ತಿದೆಯಾ? ಇಲ್ಲದಿದ್ದರೆ ಇಲ್ಲ ಅಂತ ಬರೆ.

ನಿನ್ನ ತಂಗಿ


ಡಿಸೆಂಬರ್ ೧೫

ಅಳುಮುಂಜಿಗೆ,

ಇಲ್ಲ.

ಇದನ್ನು ಬರೆಯುತ್ತಿರುವುದು ನಿನ್ನ ಭಾವ, ನಾನು ಹೇಳುತ್ತಿದ್ದೇನೆ. ಗಾಯ ಒಣಗಿದೆ. ಬೆರಳು ಮಡಚಬಹುದು. ಆದರೆ ಕಣ್ಣು ಮುಚ್ಚಿಕೊಂಡರೆ ಕೈಯಲ್ಲಿರುವುದು ಬಾಚಣಿಗೆಯೋ ಚಮಚವೋ ತಿಳಿಯುವುದಿಲ್ಲ. ಪಾರ್ಲರಿನ ಕುರ್ಚಿಗಳನ್ನು ಕೊಳ್ಳಲು ಒಬ್ಬರು ಬಂದು ನೋಡಿಕೊಂಡು ಹೋದರು. ಫೆಬ್ರವರಿ ತನಕ ನೋಡುತ್ತೇನೆ ಅಂದಿದ್ದೇನೆ.

(ಇವಳು ಊಟ ಸರಿಯಾಗಿ ಮಾಡುತ್ತಿಲ್ಲ. ಇದನ್ನು ಇವಳು ಹೇಳಿಲ್ಲ, ನಾನೇ ಸೇರಿಸಿದೆ. ಭಾವ.)

ಅಕ್ಕ


ಜನವರಿ ೨೪

ಅಳುಮುಂಜಿಗೆ,

ಅಕ್ಷರ ನೋಡು ಮೊದಲು. ನಾನೇ ಬರೆಯುತ್ತಿದ್ದೇನೆ, ಬಲಗೈಯಲ್ಲಿ.

ಇವತ್ತು ಬೆಳಿಗ್ಗೆ ನಿನ್ನ ಭಾವನ ತಲೆ ತೊಳೆಯುತ್ತಿದ್ದೆ. ಕೈ ಪಳಗಲಿ ಅಂತ ಈಚೆಗೆ ಅವರ ತಲೆಯೇ ನನ್ನ ಪ್ರಯೋಗಶಾಲೆ, ಇರುವ ನಾಲ್ಕು ಕೂದಲೂ ಸವೆದುಹೋದವು ಅಂತ ಅವರ ಗೋಳು. ನೀರಿನ ಹದವನ್ನು ಎಡಗೈಯಲ್ಲೇ ನೋಡುವುದು, ಅದೊಂದು ರೂಢಿಯಾಗಿದೆ. ಇವತ್ತು ಅವರು ಏನೋ ತಮಾಷೆ ಮಾಡಿದರು, ನಗುತ್ತ ಮರೆತು ಬಲಗೈ ಹಿಡಿದೆ.

ಸುಟ್ಟಿತು.

ಹೆಬ್ಬೆರಳಿಗೂ ತೋರುಬೆರಳಿಗೂ ಚುರ್ ಅಂತ ಸುಟ್ಟಿತು ಕಣೇ. ನಾನು ಹಾಕಿದ ಕೂಗಿಗೆ ಅವರು ಕಣ್ಣಿಗೆಲ್ಲ ಸೋಪು ಮಾಡಿಕೊಂಡು ಎದ್ದು ನಿಂತು, "ಯಾರಿಗೇನಾಯ್ತು?" ಅಂದರು. ಮತ್ತೆ ಹಿಡಿದೆ, ಮತ್ತೆ ಸುಟ್ಟಿತು. ಅವರು ನನ್ನ ಕೈಯನ್ನು ಎಳೆಯದಿದ್ದರೆ ಇನ್ನೂ ಹಿಡಿಯುತ್ತಿದ್ದೆನೋ ಏನೋ. ಬೆರಳ ತುದಿ ಕೆಂಪಾಗಿದೆ. ಉರಿಯುತ್ತಿದೆ. ಬರೆಯುವಾಗಲೂ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಡುಬೆರಳು ಇನ್ನೂ ಎದ್ದಿಲ್ಲ. ಕುರ್ಚಿ ಕೊಡುವುದಿಲ್ಲ ಅಂತ ಹೇಳಿ ಕಳಿಸಿದೆ.

ಮೊದಲು ಯಾರಿಗೆ ಹೇಳಲಿ ಅಂತ ನೋಡಿದೆ. ಅಮ್ಮನಿಗೆ ಹೇಳಬೇಕು ಅನ್ನಿಸಿ ಕೊನೆಯ ಕುರ್ಚಿಯ ಕಡೆ ತಿರುಗಿದೆ. ಆಮೇಲೆ ನಿನಗೆ ಬರೆಯಲು ಕೂತೆ.

ನಿನ್ನ ಅಕ್ಕ


ಜನವರಿ ೩೦

ಅಕ್ಕಾ,

ನಿನ್ನ ಕಾಗದವನ್ನು ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಓದಿದೆ. ಸುಟ್ಟಿತು ಅನ್ನುವಲ್ಲಿ ನಕ್ಕೆ. ಕೊನೆಯ ಕುರ್ಚಿಯ ಕಡೆ ತಿರುಗಿದೆ ಅನ್ನುವಲ್ಲಿ ಓದಲು ಆಗಲಿಲ್ಲ.

ಬಂತು ಅಕ್ಕಾ. ತಡೆಯಲು ಆಗಲಿಲ್ಲ, ತಡೆಯಲೂ ಇಲ್ಲ. ಮೂಗು ಸೋರಿತು, ಬಿಕ್ಕಳಿಕೆ ಹತ್ತಿತು, ಮೆಟ್ಟಿಲು ಹತ್ತುವವರೆಲ್ಲ ಗೋಡೆಗೆ ಒತ್ತಿಕೊಂಡು ಹೋದರು. ಅಮ್ಮಾ ಅಂತ ಕೂಗಿದೆನಂತೆ, ನನಗೆ ನೆನಪಿಲ್ಲ.

ಕನ್ನಡಕದವಳು ಓಡಿ ಬಂದಳು. "ಏನಾಯ್ತೇ? ಮನೇಲಿ ಏನಾದ್ರೂ ಆಯ್ತಾ?"

"ಅಕ್ಕನ ಕೈ ಸುಟ್ಟಿತಂತೆ" ಅಂದೆ.

"ಅಯ್ಯೋ ಪಾಪ! ಉರೀತಿದೆಯಂತಾ?"

"ಹ್ಞೂ, ಉರೀತಿದೆಯಂತೆ" ಅಂದು ಅವಳನ್ನು ತಬ್ಬಿಕೊಂಡು ಮತ್ತೆ ಅತ್ತೆ. ಅವಳು ಬೆನ್ನು ಸವರುತ್ತ, "ಸರಿ ಹೋಗುತ್ತೆ, ಉರಿ ಬೇಗ ಹೋಗುತ್ತೆ" ಅಂತ ಸಮಾಧಾನ ಹೇಳಿದಳು. ಹೋಗುವುದು ಬೇಡ ಅಂತ ಅವಳಿಗೆ ಹೇಗೆ ತಿಳಿಸಲಿ.

ಶನಿವಾರ ಬರುತ್ತೇನೆ. ಎರಡು ದಿನಕ್ಕಲ್ಲ.

ನಿನ್ನ,
ಅಳುಮುಂಜಿ